ಶೂ ಬಿಚ್ಚುವವನ ಬೆನ್ನು

ಬಾಥೆಲ್
ಮಾರ್ಚ್ ೨೦೧೭

ವಿಶಾಲಾಕ್ಷಿಯವರಿಗೆ,

ನೀವು ಹೋಗಿ ಒಂದೂವರೆ ವರ್ಷವಾಯಿತು. ಬದುಕಿದ್ದಾಗ ನಿಮಗೆ ಹೇಳಬೇಕಿದ್ದದ್ದು ಒಂದು ಸಣ್ಣ ವಾಕ್ಯ. ಅದನ್ನು ಆಗ ಹೇಳದೆ ಉಳಿಸಿಕೊಂಡದ್ದಕ್ಕೆ ಈಗ ಇಷ್ಟುದ್ದ ಬರೆಯಬೇಕಾಗಿದೆ.

ನಿಮ್ಮ ಗ್ಯಾರೇಜಿನಲ್ಲಿ ಕಾರು ನಿಂತದ್ದನ್ನು ನಾನು ನೋಡಲೇ ಇಲ್ಲ. ಜೇಡಿಮಣ್ಣಿನ ಬಕೆಟ್ಟುಗಳು, ಕರಗಿದ ಮೇಣದ ವಾಸನೆ, ಗೋಡೆಗೆ ಒರಗಿಸಿದ ಅಚ್ಚುಗಳು. ನಿಮ್ಮ ಯಜಮಾನರು ಬಾಲಕೃಷ್ಣ ಅವರು ವಿಮಾನದ ರೆಕ್ಕೆಗಳ ಲೆಕ್ಕ ಹಾಕುತ್ತಿದ್ದ ವರ್ಷಗಳಲ್ಲಿ ನೀವು ಯೂನಿವರ್ಸಿಟಿಯ ಸಂಜೆ ತರಗತಿಗೆ ಬಸ್ಸಿನಲ್ಲಿ ಹೋಗಿ ಕಂಚಿನ ಎರಕ ಕಲಿತಿರಿ. ಮೂವತ್ತು ವರ್ಷ ಬಿಡದೆ ಮಾಡಿದಿರಿ. ನಾನು ಶನಿವಾರಗಳಂದು ಬಂದು ಮೂಲೆಯ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಒಮ್ಮೆ ನನ್ನ ಕಥಾಸಂಕಲನ ಓದಿ ಮುಗಿಸಿ, ಕನ್ನಡಕ ತೆಗೆದು ಹೇಳಿದಿರಿ: "ಎಲ್ಲಾ ನುಣ್ಣಗಿದೆ ಕಣೋ ಚಂದ್ರು. ಕೈ ಇಡಕ್ಕೇ ಜಾಗ ಇಲ್ಲ." ನಾನು ಅದನ್ನು ಹೊಗಳಿಕೆಯೆಂದೇ ಅರ್ಧ ನಂಬಿದೆ.

ಬಾಲಕೃಷ್ಣ ಅವರು ತೀರಿಕೊಂಡ ಮರುವರ್ಷ ನಿಮಗೆ ಪಾರ್ಶ್ವವಾಯು ಬಡಿಯಿತು. ಬಲಗೈ ತೊಡೆಯ ಮೇಲೆ ಯಾರೋ ಮರೆತು ಹೋದ ವಸ್ತುವಿನಂತೆ ಬಿದ್ದಿರುತ್ತಿತ್ತು. ನಾಲ್ಕು ತಿಂಗಳ ನಂತರ ಎಡಗೈಯಲ್ಲಿ ಮಣ್ಣು ಹಿಡಿದಿರಿ. ಮಾಡಿದ್ದು ಅವರನ್ನೇ: ಫ್ಯಾಕ್ಟರಿಯಿಂದ ಬಂದು ಹೊಸ್ತಿಲ ಪಕ್ಕ ಕೂತು, ಬಗ್ಗಿ ಶೂ ಬಿಚ್ಚುತ್ತಿರುವ ಗಂಡಸು. ಮುಖ ಕಾಣುವುದಿಲ್ಲ. ಇರುವುದೆಲ್ಲ ಬೆನ್ನು. ಅದರ ತುಂಬ ಬೆರಳೊತ್ತಿದ ಗುಂಡಿಗಳು, ಗೀರುಗಳು. ಭುಜದ ಕೆಳಗೆ ಮೂರು ಬೆರಳುಗಳ ಉದ್ದನೆಯ ಜಾಡು.

ಊರಿನ ಪಾರ್ಕಿನಲ್ಲಿ ಅದನ್ನು ಕಂಚಿನಲ್ಲಿ ನಿಲ್ಲಿಸುವುದೆಂದಾಯಿತು; ಅದರ ಮೇಲೆ ರಬ್ಬರಿನ ಅಚ್ಚು ತೆಗೆದು ಎರಕದ ಫೌಂಡ್ರಿಗೆ ಕಳಿಸಿದೆವು. ಫೋನಿನಲ್ಲಿ ಮಾತು ತಡವರಿಸುತ್ತಿದ್ದುದರಿಂದ ನೀವು ನನ್ನ ನಂಬರು ಕೊಟ್ಟಿದ್ದಿರಿ. ಅಚ್ಚಿನಲ್ಲಿ ಮೇಣ ಎರೆದು, ಮುಂದೆ ಕಂಚಾಗುವ ಪ್ರತಿಯನ್ನು ತೆಗೆದ ಮೇಲೆ ಅಲ್ಲಿನ ಕೆಲಸದವಳು ಕರೆ ಮಾಡಿದಳು. ನಾನು ಫ್ರೀಮಾಂಟಿನ ಆಫೀಸಿನಲ್ಲಿ, ಒಂದು ಮೀಟಿಂಗಿನ ಮಧ್ಯೆ ಎದ್ದು ಹೊರಗೆ ಬಂದಿದ್ದೆ. ಬೆನ್ನಿನ ಮೇಲೆಲ್ಲ ಗುಂಡಿಗಳಿವೆ, ಹಾಗೇ ಬಿಡಲೇ, ಸರಿಮಾಡಲೇ ಎಂದು ಕೇಳಿದಳು. ಕಂಚಾದ ಮೇಲೆ ಕಷ್ಟ, ಈಗಲೇ ಹೇಳಿ ಎಂದಳು. ಸರಿಮಾಡಿ ಎಂದೆ. ಅವರಿಗೆ ಸ್ಟ್ರೋಕ್ ಆಗಿದೆ ಎಂದೂ ಸೇರಿಸಿದೆ. ನಿಮ್ಮ ಹೆಸರು ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ನಿಮ್ಮನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಜೂನ್‌ನಲ್ಲಿ ಪಾರ್ಕಿನಲ್ಲಿ ಬಟ್ಟೆ ಸರಿಸಿದಾಗ ಜನ ಚಪ್ಪಾಳೆ ತಟ್ಟಿದರು. ಬೆನ್ನು ಹೊಳೆಯುತ್ತಿತ್ತು. ಮಗಳು ಪೂಜಿತಾ ನಿಮ್ಮನ್ನು ಗಾಲಿಕುರ್ಚಿಯಲ್ಲಿ ಹತ್ತಿರ ತಂದಳು. ನೀವು ಎಡಗೈಯನ್ನು ಅದರ ಮೇಲಿಟ್ಟು ಮೇಲಿಂದ ಕೆಳಗೆ ಸವರಿದಿರಿ, ಮತ್ತೊಮ್ಮೆ ಸವರಿದಿರಿ. "ಯಾರ್ದಿದು?" ಎಂದಿರಿ.

"ಅಮ್ಮಾ, ಇಟ್ಸ್ ಅಪ್ಪ," ಎಂದಳು ಪೂಜಿತಾ.

"ಅಲ್ಲ. ಯಾರ್ದಿದು?"

ಅವಳ ಮುಖ ಬದಲಾದದ್ದನ್ನು ನಾನು ನೋಡಿದೆ. ಗಂಡನ ಗುರುತೇ ಸಿಗುತ್ತಿಲ್ಲ ಎಂದು ಸುತ್ತ ನಿಂತವರೆಲ್ಲ ತಿಳಿದರು. ಪಕ್ಕದಲ್ಲಿ ಯಾರೋ "ಪಾಪ" ಅಂದರು. ಆ ಒಂದು ಗಳಿಗೆಯಲ್ಲಿ ನಾನು ಬಾಯಿ ಬಿಟ್ಟಿದ್ದರೆ ಸಾಕಿತ್ತು.

ಆಮೇಲಿನದು ಬೇಗ ನಡೆಯಿತು. ಡಾಕ್ಟರು, ಮರೆವಿನ ಪರೀಕ್ಷೆಗಳು. ಮಾತು ತಡವರಿಸುತ್ತಿದ್ದ ನಿಮಗೆ ಉತ್ತರಿಸಲು ಅವರು ಕೊಡುವ ಹೊತ್ತು ಸಾಲುತ್ತಿರಲಿಲ್ಲ. ಬೆಂಕಿಯ ಭಯದಿಂದ ಪೂಜಿತಾ ಮೇಣ ಕರಗಿಸುವ ಗ್ಯಾಸ್ ಟಾರ್ಚನ್ನು ಕೊಂಡೊಯ್ದಳು, ಆಮೇಲೆ ಉಳಿಗಳನ್ನು, ಕೊನೆಗೆ ಗ್ಯಾರೇಜಿನ ಕೀಲಿಕೈಯನ್ನು. ಬದಲಿಗೆ ಮಕ್ಕಳು ಆಡುವ ಬಣ್ಣದ ಮಣ್ಣಿನ ಡಬ್ಬಗಳನ್ನು ತಂದಿಟ್ಟಳು. ಪ್ರೀತಿಯಿಂದಲೇ ತಂದಳು. ಹದಿನಾಲ್ಕು ತಿಂಗಳು ನೀವು ಅವುಗಳ ಮುಚ್ಚಳ ತೆಗೆಯಲಿಲ್ಲ.

ನಾನು ಶನಿವಾರ ತಪ್ಪಿಸಲಿಲ್ಲ. ಹೊರಡುವಾಗ ಬಾಗಿಲಲ್ಲಿ ಕೂತು ಶೂ ಕಟ್ಟಿಕೊಳ್ಳುತ್ತಿದ್ದೆ. ನೀವು ಕುರ್ಚಿಯಿಂದ ನೋಡುತ್ತಿದ್ದಿರಿ. ಒಂದು ದಿನ ಒಂದೊಂದೇ ಮಾತನ್ನು ಹುಡುಕಿ ತೆಗೆದು ಹೇಳಿದಿರಿ: "ಬೆನ್ನು ನುಣ್ಣಗಿರಲ್ಲ ಚಂದ್ರು. ನಿಂದೂ ಇಲ್ಲ." ನಾನು ಲೇಸು ಬಿಗಿದು ಎದ್ದೆ. ಮುಂದಿನ ವಾರ ಬರುತ್ತೇನೆ ಎಂದೆ.

ಕಳೆದ ತಿಂಗಳು ಪೂಜಿತಾ ಗ್ಯಾರೇಜು ಖಾಲಿ ಮಾಡಿಸುತ್ತಿದ್ದಳು. ಫೌಂಡ್ರಿಯಿಂದ ವಾಪಸು ಬಂದಿದ್ದ ಆ ರಬ್ಬರಿನ ಅಚ್ಚನ್ನು ತೋರಿಸಿ "ಅಂಕಲ್, ದಿಸ್ ಕ್ಯಾನ್ ಗೋ, ರೈಟ್?" ಎಂದಳು. ಫೌಂಡ್ರಿಯವರು ಮೇಣವನ್ನಷ್ಟೇ ತಿದ್ದಿದ್ದು. ಅಚ್ಚಿನೊಳಗೆ ನಿಮ್ಮ ಎಡಗೈ ಹಾಗೇ ಇತ್ತು. ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅವಳು ಅಚ್ಚನ್ನು ತನ್ನ ಕಡೆಗೆ ಎಳೆದುಕೊಂಡಳು.

"ಸೋ ಶೀ ನ್ಯೂ. ಅಮ್ಮಂಗೆ ಗೊತ್ತಿತ್ತು. ಆ್ಯಂಡ್ ಐ ಟುಕ್ ಹರ್ ಕೀಸ್." ಆಮೇಲೆ, "ಪ್ಲೀಸ್ ಗೋ, ಅಂಕಲ್."

ಎರಡು ವಾರದ ನಂತರ ಅವಳೇ ಕರೆ ಮಾಡಿ ಫೌಂಡ್ರಿಗೆ ಬರಹೇಳಿದಳು. ಹೊಸ ಮೇಣ ಹೊರಗೆ ಬಂದಿತ್ತು. ಕೆಲಸದವಳು ಕೈಯಲ್ಲಿ ಚಾಕು ಹಿಡಿದು ಅದೇ ಪ್ರಶ್ನೆ ಕೇಳಿದಳು. "ಡೋಂಟ್ ಟಚ್ ಇಟ್," ಎಂದಳು ನಿಮ್ಮ ಮಗಳು. ಬೆನ್ನಿನ ಆ ಜಾಡಿನಲ್ಲಿ ಬೆರಳಿಟ್ಟು ನೋಡಿದಳು. ಅವಳ ಬೆರಳುಗಳು ನಿಮ್ಮವಕ್ಕಿಂತ ಉದ್ದ, ಸರಿಯಾಗಿ ಕೂರಲಿಲ್ಲ. ನನ್ನ ಕಡೆ ತಿರುಗದೆ ಕೇಳಿದಳು: "ಇಲ್ಲಿ ಅಮ್ಮ ತಳ್ಳಿದಾಳಾ, ಎಳ್ದಿದಾಳಾ?" ಕನ್ನಡದಲ್ಲಿ ಕೇಳಿದಳು. ನೀವು ಅದನ್ನು ಮಾಡುವಾಗ ನಾನು ಮೂರು ಅಡಿ ದೂರದಲ್ಲಿ ಕೂತಿದ್ದೆ. ನನಗೆ ಗೊತ್ತಿರಲಿಲ್ಲ.

ಈ ಎರಡನೆಯ ಕಂಚು ನಿಮ್ಮ ಮನೆಯ ಬಾಗಿಲ ಪಕ್ಕ ಇರುತ್ತದಂತೆ. ನನ್ನನ್ನು ಕರೆಯುತ್ತಾಳೋ ಇಲ್ಲವೋ ಹೇಳಿಲ್ಲ. ಪಾರ್ಕಿನದು ಪಾರ್ಕಿನಲ್ಲೇ ಇದೆ, ನಿಮ್ಮ ಹೆಸರು ಹೊತ್ತುಕೊಂಡು. ಆ ಹೆಸರಿನ ಫಲಕ ತೆಗೆಸಲು ಈ ವಾರ ಅರ್ಜಿ ಬರೆದುಕೊಟ್ಟಿದ್ದೇನೆ, ಕಾರಣ ಸಹಿತ. ಯಾರದಿದು ಎಂದು ನೀವು ಎರಡು ಸಲ ಕೇಳಿದಿರಿ.

ನನ್ನದು, ವಿಶಾಲಾಕ್ಷಿಯವರೇ. ಅದು ನನ್ನದು.

ನಿಮ್ಮ ಎಡಗೈಗೆ ನಮಸ್ಕರಿಸಿ, ಇಲ್ಲಿಗೆ ನಿಲ್ಲಿಸುತ್ತೇನೆ. ಇರುವಲ್ಲಿ ಮಣ್ಣು ಹದವಾಗಿರಲಿ.

ಚಂದ್ರಶೇಖರ