ಸ್ಲೇಟಿನ ಮೇಲೆ ಬರೆದ ಹೊತ್ತು

ಸೆಟ್ಲ್, ಯಾರ್ಕ್‌ಷೈರ್
೧೧ ಅಕ್ಟೋಬರ್ ೧೯೮೩, ಮಂಗಳವಾರ

ಪ್ರೀತಿಯ ಡೊರೀನ್,

ಮೇ ತಿಂಗಳಲ್ಲಿ ನೀನು ಬರೆದ ಕಾಗದಕ್ಕೆ ಅಕ್ಟೋಬರಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ಎಷ್ಟು ಬೈದರೂ ಕಡಿಮೆಯೇ. ಬೈದುಬಿಡು, ಆಮೇಲೆ ಮುಂದೆ ಓದು. ಚಹಾದಂಗಡಿಯಲ್ಲಿ ಬೇಸಿಗೆಯ ಜನಜಂಗುಳಿ, ಮೊಣಕಾಲು ನೋವು ಎಂದೆಲ್ಲ ನೆಪ ಹೇಳಬಹುದಿತ್ತು. ನಲವತ್ತು ವರ್ಷದಿಂದ ನನ್ನನ್ನು ಬಲ್ಲವಳು ನೀನು, ನಂಬುವುದಿಲ್ಲ. ವಿಟ್ಬಿಯ ಗಾಳಿ ನಿನಗೂ ನಿನ್ನ ತಂಗಿಗೂ ಒಗ್ಗಿದೆಯೆಂದು ಕೇಳಿ ಸಂತೋಷವಾಯಿತು. ನಿನ್ನಮ್ಮನ ಕೆಮ್ಮು ಹೇಗಿದೆ?

ಇವತ್ತು ಸಂತೆಯಲ್ಲಿ ರಕ್ಷಣಾ ತಂಡದ ಗಾರ್ಡನ್ ಪ್ರೋಕ್ಟರ್ ಸಿಕ್ಕಿದ್ದ. ಬರುವ ಭಾನುವಾರ ನೀನು ನಿನ್ನ ಗಂಡ ಲೆನ್‌ನ ಬೂದಿಯನ್ನು ಸಮುದ್ರಕ್ಕೆ ಬಿಡುತ್ತೀಯಂತೆ. ದೋಣಿ ಕಂಡರೇ ವಾಂತಿ ಮಾಡಿಕೊಳ್ಳುತ್ತಿದ್ದ ಮನುಷ್ಯ! ತನ್ನನ್ನು ಆಟರ್‌ಮೈರ್ ಬಂಡೆಯ ಕೆಳಗಿನ ಸುಣ್ಣಕಲ್ಲಿನ ಹಾಸಿನ ಮೇಲೆ ಚೆಲ್ಲಬೇಕೆಂದು ಊರಿಗೆಲ್ಲ ಸಾರಿಕೊಂಡು ಬಂದಿದ್ದನಲ್ಲ, ಅದನ್ನೇ ಗಾರ್ಡನ್‌ಗೆ ನೆನಪಿಸಿದೆ. ಅವನು ತಲೆ ಅಲ್ಲಾಡಿಸಿದ. “ಅವಳ ಸಿಟ್ಟು ಇನ್ನೂ ಇಳಿದಿಲ್ಲ ಹೆಸ್ಟರ್. ಮಾತು ತಪ್ಪಿದವನಿಗೆ ಅವನ ಕಲ್ಲೊಂದು ಕೇಡು ಅಂದ್ಲು” ಎಂದ. ಎಲೆಕೋಸು ಕೊಳ್ಳಲು ಹೋದವಳು ಖಾಲಿ ಚೀಲ ಹಿಡಿದು ವಾಪಸು ಬಂದು ಬರೆಯಲು ಕೂತಿದ್ದೇನೆ.

ನೀನು ಕಾಗದದಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಅಮ್ಮನ ಎಂಬತ್ತನೆಯ ಹುಟ್ಟುಹಬ್ಬದ ಚಹಾಕ್ಕೆ ನಾಲ್ಕೂವರೆಗೆ ಬಂದೇ ಬರುತ್ತೇನೆಂದು ನಿನಗೆ ಮಾತು ಕೊಟ್ಟವನು ಸ್ಲೇಟಿನ ಮೇಲೆ ಐದು ಗಂಟೆ ಎಂದು ಯಾಕೆ ಬರೆದ, ಬರೆಯುವಾಗ ಏನು ಹೇಳಿದ? “ಅಲ್ಲಿದ್ದವಳು ನೀನೊಬ್ಬಳೇ” ಎಂದು ಬರೆದಿದ್ದೆ. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅದು ನನಗೆ ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪವಾಯಿತು.

ಮನೆಯಲ್ಲಿ ಕೂತು ಬರೆಯಲಾಗದೆ ಗುಡ್ಡ ಹತ್ತುತ್ತಿದ್ದೆ ಕಣೆ. ಜೂನ್‌ನಲ್ಲಿ ಒಂದು ದಿನ ಕಾಗದ ಜೇಬಿನಲ್ಲಿಟ್ಟುಕೊಂಡು ಕ್ಯಾಸಲ್‌ಬರ್ಗ್ ಬಂಡೆಯ ತುದಿಗೆ ಹೋಗಿ ಕೂತೆ. ಅಲ್ಲಿಂದ ಊರಿನ ಹೊಗೆಗೂಡುಗಳೆಲ್ಲ ಕಾಣುತ್ತವಲ್ಲ, ನಿಮ್ಮ ಮನೆಯದರಲ್ಲಿ ಮಾತ್ರ ಹೊಗೆಯಿರಲಿಲ್ಲ. ಎದ್ದು ಬಂದುಬಿಟ್ಟೆ. ಇನ್ನೊಂದು ಸಲ ಸ್ಕೇಲ್‌ಬರ್ ಜಲಪಾತದ ಹತ್ತಿರ ಕೂತು ‘ಪ್ರೀತಿಯ ಡೊರೀನ್’ ಎಂದಷ್ಟೇ ಬರೆದೆ. ಆಗಸ್ಟಿನಲ್ಲಿ ಆಟರ್‌ಮೈರ್ ತನಕ ಹೋದೆ. ಸುಣ್ಣಕಲ್ಲಿನ ಹಾಸಿನ ಬಿರುಕುಗಳಲ್ಲಿ ಜರೀಗಿಡ ಮೊಣಕೈಯುದ್ದ ಬೆಳೆದಿತ್ತು. ಒಂದು ಬಿರುಕಿನಲ್ಲಿ ಕುರಿಮರಿಯ ಕಾಲು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಅರ್ಧ ಗಂಟೆ ಒದ್ದಾಡಿದೆ, ಆಗಲಿಲ್ಲ. ಕೊನೆಗೆ ಕುರುಬನೇ ಬಂದು ಎರಡೇ ನಿಮಿಷದಲ್ಲಿ ಬಿಡಿಸಿಕೊಂಡು ಹೋದ. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತೆ.

ಅಂಗಡಿಯ ಬಾಗಿಲ ಹಿಂದಿನ ಸ್ಲೇಟಿಗೆ ತಂಡದ ಹುಡುಗರು ಹೊಸ ಚೌಕಟ್ಟು ಹಾಕಿಸಿದ್ದಾರೆ. ಗವಿಗೆ ಇಳಿಯುವವರು ಈಗಲೂ ಅಲ್ಲೇ ತಮ್ಮ ಹೆಸರು, ಗವಿಯ ಹೆಸರು, ಹೊರಬರುವ ಹೊತ್ತು ಬರೆದು ಹೋಗುತ್ತಾರೆ. ಹೊತ್ತು ಮೀರಿದರೆ ರಕ್ಷಣಾ ತಂಡಕ್ಕೆ ಫೋನ್ ಮಾಡುವವಳು ಈಗಲೂ ನಾನೇ. ಈ ಕೆಲಸ ನನಗೆ ಬೇಡ, ಬೇರೆ ಯಾರಿಗಾದರೂ ಕೊಡಿ ಎಂದು ಬೇಡಿಕೊಂಡೆ. “ನಿನ್ನಷ್ಟು ನಿಯತ್ತಿನವಳು ಎಲ್ಲಿ ಸಿಗ್ತಾಳೆ?” ಎಂದು ನಕ್ಕುಬಿಟ್ಟರು.

ಹೋದ ನವೆಂಬರಿನದು ನಿನಗೆ ನೆನಪಿರಬೇಕು. ಲೆನ್ ಮೂರು ಗಂಟೆ ಎಂದು ಬರೆದು ಹೋಗಿದ್ದ, ಮೂರು ಹೊಡೆದ ನಾಲ್ಕನೆಯ ನಿಮಿಷಕ್ಕೆ ನಾನು ಫೋನ್ ಮಾಡಿದೆ. ಕಟುಕ ಕತ್ತಿ ಬಿಟ್ಟು, ಮೇಷ್ಟ್ರು ತರಗತಿ ಬಿಟ್ಟು, ಕಲ್ಲುಗಣಿಯವರು ಗಣಿ ಬಿಟ್ಟು ಗುಡ್ಡಕ್ಕೆ ಓಡಿದರು. ಅರ್ಧ ದಾರಿಯಲ್ಲೇ ಲೆನ್ ಎದುರಿಗೆ ಸಿಕ್ಕಿದ, ಮೈತುಂಬ ಕೆಸರು, ಬಾಯಲ್ಲಿ ಸಿಳ್ಳೆ. ಪದ್ಧತಿಯಂತೆ ಇಪ್ಪತ್ತೆರಡು ಜನಕ್ಕೂ ಬಿಯರ್ ಕುಡಿಸಬೇಕಾಯಿತು. ಕ್ರಿಸ್‌ಮಸ್ ತನಕ ಪಬ್ಬಿನಲ್ಲಿ ಅವನ ಕುರ್ಚಿಯ ಮೇಲೆ ಕೂಸಿನ ಹಾಲಿನ ಬಾಟಲಿ ನೇತುಹಾಕಿದ್ದರು. ಅವನೇನೋ ನಕ್ಕು ಮರೆತ. ನನ್ನನ್ನು ಮಾತ್ರ ಜನ ಇಡೀ ಚಳಿಗಾಲ ಬಿಡಲಿಲ್ಲ. ಅಂಗಡಿಯೊಳಗೆ ಬರುವಾಗಲೇ “ಹೆಸ್ಟರ್, ನಮ್ಮ ಬೆಕ್ಕು ಬೆಳಗ್ಗೆಯಿಂದ ಕಾಣ್ತಿಲ್ಲ, ತಂಡ ಕರೆಸ್ತೀಯಾ?” ಎನ್ನುವರು. ಗಂಡ ಮಕ್ಕಳಿಲ್ಲದ ಹೆಂಗಸಿಗೆ ಕಂಡವರ ಗಂಡಂದಿರ ಚಿಂತೆ ಎಂದು ಒಬ್ಬ ಹಿಂದಿನಿಂದ ಅಂದದ್ದೂ ಕಿವಿಗೆ ಬಿತ್ತು. ಅದು ನಾಟಿತು ಡೊರೀನ್, ಸುಳ್ಳೇಕೆ ಹೇಳಲಿ.

ಏಪ್ರಿಲಿನ ಆ ಭಾನುವಾರ ಲೆನ್ ಬೆಳಗ್ಗೆ ಹತ್ತಕ್ಕೆ ಬಂದ. ನಿಂತೇ ಚಹಾ ಕುಡಿದು, ಸ್ಲೇಟಿನಲ್ಲಿ ಬರೆದು, ಮುದುಕಿಗಂಟಲು ಗವಿಯ ಕಡೆ ಹೊರಟ. ಆಗ ಬಿಸಿಲಿತ್ತು. ಮೂರೂವರೆಗೆ ಗುಡ್ಡದ ಮೇಲೆ ಮಳೆ ಸುರಿಯಿತು. ಆ ಗವಿ ಹೇಗೆಂದು ನಿನಗೆ ಗೊತ್ತೇ ಇದೆ, ಮೇಲೆ ಮಳೆ ಬಿದ್ದರೆ ಸಾಕು, ಕುತ್ತಿಗೆ ತನಕ ತುಂಬಿಬಿಡುತ್ತದೆ. ಐದು ಗಂಟೆಗೆ ನಾನು ಫೋನ್ ಮಾಡಿದೆ. ಏಳೂಕಾಲಿಗೆ ಅವನನ್ನು ಹೊರತಂದರು. ನೀರಿಗಿಂತ ಮೇಲೆ ಒಂದು ಗೂಡಿನಂಥ ಜಾಗದಲ್ಲಿ ಕೂತಿದ್ದನಂತೆ, ಅವನನ್ನು ಕೊಂದದ್ದು ನೀರಲ್ಲ, ಚಳಿ. ನಿನಗೆ ಯಾರೂ ಹೇಳದ ಒಂದು ಮಾತಿದೆ. ಗಾರ್ಡನ್ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತ, “ಅರ್ಧ ಗಂಟೆ ಮೊದ್ಲು ಹೋಗಿದ್ರೆ ಜೀವ ಇರ್ತಿತ್ತು” ಎಂದು ಪಕ್ಕದವನಿಗೆ ಹೇಳಿದ. ನಾನು ಒಳಗೆ ಲೋಟ ತೊಳೆಯುತ್ತಿದ್ದೆ.

ವಿಚಾರಣೆಯಲ್ಲಿ ನನ್ನನ್ನು ಕೇಳಿದ್ದೇ ಎರಡು ಪ್ರಶ್ನೆ. ಹೊರಬರುವ ಹೊತ್ತು ಎಷ್ಟೆಂದು ಬರೆದಿತ್ತು? ಎಷ್ಟಕ್ಕೆ ಫೋನ್ ಮಾಡಿದಿರಿ? ಎರಡಕ್ಕೂ ಒಂದೇ ಉತ್ತರ ಕೊಟ್ಟೆ. ಕರ್ತವ್ಯ ತಪ್ಪದೆ ಮಾಡಿದ್ದೀರಿ ಎಂದು ಅಧಿಕಾರಿ ನನ್ನನ್ನು ಹೊಗಳಿದರು. ನೀನು ಮುಂದಿನ ಸಾಲಿನಲ್ಲಿ ಕೂತಿದ್ದೆ, ತಿರುಗಿ ನನ್ನ ಕೈ ಹಿಡಿದೆ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಶುಂಠಿ ಬಿಸ್ಕತ್ತು ಬೇರೆ ಕಟ್ಟಿ ಕಳಿಸುತ್ತಿದ್ದೇನೆ, ಚಹಾದಲ್ಲಿ ಅದ್ದಿಕೊಟ್ಟರೆ ಅವರಿಗೆ ಅಗಿಯಲು ಆಗುತ್ತದೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನ ಮನೆಯ ಬೀಗದ ಕೈ ನನ್ನ ಬಳಿ ಜೋಪಾನವಾಗಿದೆ.

ನಿನ್ನ
ಹೆಸ್ಟರ್ ಥಾರ್ನ್‌ಬರ್

ಸಹಿ ಹಾಕಿದ ಮೇಲೆ:

ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದೆ. ಲೆನ್ ಬರೆದದ್ದು ನಾಲ್ಕು.

ನಾಲ್ಕಕ್ಕೆ ನಾನು ಫೋನಿನ ಮೇಲೆ ಕೈಯಿಟ್ಟೆ. ಕಿಟಕಿಯ ಹತ್ತಿರ ಕೂತಿದ್ದ ಗಣಿಯವರಿಬ್ಬರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಕೈ ತೆಗೆದೆ. ಹೊರಗೆ ಮಳೆ ಹೊಯ್ಯುತ್ತಿತ್ತು, ನನಗೆ ಕಾಣುತ್ತಿತ್ತು, ಆದರೂ ಅವರು ಎದ್ದುಹೋಗಲಿ ಎಂದು ಕಾದೆ. ಅವರು ಹೋದಾಗ ಐದು. ಫೋನ್ ಮಾಡಿ ಇಟ್ಟವಳೇ ಏಪ್ರನ್ನಿನಿಂದ ಸ್ಲೇಟು ಒರೆಸಿ ಐದು ಎಂದು ಬರೆದೆ. ಗಾರ್ಡನ್ ಬಂದು ನೋಡಿದ್ದು ನನ್ನ ಅಕ್ಷರ. ನಾಳೆ ಅವನಿಗೂ ಹೇಳುತ್ತೇನೆ.

ಏನು ಹೇಳಿದ ಎಂದು ಕೇಳಿದ್ದೆಯಲ್ಲ. ಸೀಮೆಸುಣ್ಣ ಇಟ್ಟು ಕೈ ಒರೆಸಿಕೊಳ್ಳುತ್ತ ಹೇಳಿದ: “ನಾಲ್ಕು ಅಂತ ಬರ್ದಿದೀನಿ, ಒಂದು ನಿಮಿಷ ಹೆಚ್ಚು ಕಾಯ್ಬೇಡ ತಾಯಿ. ಅತ್ತೆ ಕೇಕು ಕತ್ತರಿಸೋ ಹೊತ್ತಿಗೆ ನಾನು ಕೈ ತೊಳ್ಕೊಂಡು ಡೊರೀನ್ ಪಕ್ಕ ಕೂತಿರ್ಬೇಕು.”