ಬಿಡಲೆಂದು ಹಿಡಿದ ಮೀನು

ರಾಕ್‌ವಿಲ್, ಮೇರಿಲ್ಯಾಂಡ್
೨೮ ಏಪ್ರಿಲ್ ೧೯೯೬, ಭಾನುವಾರ

ನೀಲಾಳ ಅಪ್ಪನವರಿಗೆ ಗೌರಾಬಾಯಿಯ ನಮಸ್ಕಾರ.

ಹೀಗೆ ಕರೆದರೆ ಈಗ ನಿಮಗೆ ಸಿಟ್ಟು ಬರುತ್ತದೆಂದು ಗೊತ್ತಿದೆ. ಆದರೆ ಮಗಳು ಹುಟ್ಟಿದಂದಿನಿಂದ ಹೀಗೇ ಕರೆದವಳು, ಈ ವಯಸ್ಸಿನಲ್ಲಿ ಬೇರೆ ಹೆಸರು ಎಲ್ಲಿಂದ ತರಲಿ? ಕೆಮ್ಮು ಹೇಗಿದೆ? ರಾತ್ರಿ ಮೊಸರು ಬಿಟ್ಟಿದ್ದೀರೋ ಇಲ್ಲವೋ? ಬಸವಂತಪ್ಪನ ಖಾನಾವಳಿಯ ಬದನೆಕಾಯಿ ಪಲ್ಯದಲ್ಲಿ ಎಣ್ಣೆ ತೇಲುತ್ತಿರುತ್ತದೆ, ಬಸಿದು ಉಣ್ಣಿರಿ. ಇಲ್ಲಿ ನಾನು ಆರಾಮ, ನೀಲಾಳೂ ಆರಾಮ. ಏಳು ತಿಂಗಳು ತುಂಬಿದವು, ಕುಬಸ ಮಾಡಿದೆವು. ತವರಿನ ಸೀರೆ ಬೇಕಲ್ಲ, ನನ್ನ ಪೆಟ್ಟಿಗೆಯಲ್ಲಿದ್ದ ಹೊಸ ಇಳಕಲ್ ಸೀರೆಯನ್ನೇ ಉಡಿಸಿದೆ. ಅಪ್ಪ ಕಳಿಸಿದ್ದಾ ಎಂದು ಕೇಳಿದಳು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಇನ್ನು ನಿಮ್ಮ ಅಳಿಯನ ಸುದ್ದಿ. ಅಳಿಯ ಎಂದರೂ ಸಿಟ್ಟು ಬರುತ್ತದೆ, ಬರಲಿ. ನಿನ್ನೆ ಅಮೃತ ಮೀನು ಹಿಡಿಯಲು ಹೋಗಿದ್ದ. ಅಂಕೋಲೆಯವನು, ಮೀನು ತಿನ್ನುವ ಮನೆಯವನು, ಮಗಳ ಮದುವೆಗೆ ಹೋಗದೆ ಇದ್ದದ್ದೇ ಸರಿಯಾಯಿತು ಎಂದು ನೀವು ಹಿಗ್ಗಬೇಡಿರಿ, ಪೂರ್ತಿ ಓದಿರಿ. ಅವನನ್ನು ಹೊರಡಿಸಿದವನು ಗುರುದತ್ ಎಂಬ ಗೆಳೆಯ. ರೆಸ್ಟನ್‌ನಲ್ಲಿರುವ ಮೈಸೂರಿನ ಬ್ರಾಹ್ಮಣರ ಹುಡುಗ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ. ಅಂಥವನು ಹಳೆಯ ದೋಣಿಯೊಂದನ್ನು ಕೊಂಡು, ಬಾಸ್ ಎಂಬ ಮೀನಿನ ಬೆನ್ನು ಹತ್ತಿದ್ದಾನೆ. ಹಿಡಿಯುತ್ತಾನೆ, ತೂಗುತ್ತಾನೆ, ಫೋಟೋ ತೆಗೆಸಿಕೊಳ್ಳುತ್ತಾನೆ, ಮತ್ತೆ ನೀರಿಗೆ ಬಿಡುತ್ತಾನೆ. ತಿನ್ನುವವನು ಹಿಡಿದರೆ ಹೊಟ್ಟೆಪಾಡು ಅನ್ನಬಹುದು. ಬಿಡಲೆಂದೇ ಹಿಡಿಯುವವನಿಗೆ ಏನನ್ನೋಣ? ಹುಚ್ಚಿಗೂ ಒಂದು ಮಿತಿ ಬೇಡವೇ?

ಹೆಂಡತಿ ಬಸುರಿಯಿದ್ದಾಗ ಗಂಡನಾದವನು ಜೀವ ಕೊಲ್ಲಬಾರದಪ್ಪಾ ಎಂದು ಅಮೃತನಿಗೆ ಹೇಳಿದೆ. ನೀಲಾ ಹೊಟ್ಟೆಯಲ್ಲಿದ್ದಾಗ ಬಚ್ಚಲಿಗೆ ಬಂದ ಚೇಳನ್ನು ನೀವು ಮೊರದಲ್ಲಿ ಎತ್ತಿಕೊಂಡು ಹೋಗಿ ಹಿತ್ತಲಾಚೆ ಬಿಟ್ಟು ಬಂದಿದ್ದಿರಿ, ನಾನು ಮರೆತಿಲ್ಲ. ಕೊಲ್ಲುವುದಿಲ್ಲ ಅತ್ತೆ, ಎಲ್ಲವನ್ನೂ ಬಿಟ್ಟುಬಿಡುತ್ತೇವೆ ಎಂದ. ದೋಣಿ ಇಳಿಸಲು ಗುರುದತ್ ಒಬ್ಬನಿಂದ ಆಗುವುದಿಲ್ಲವಂತೆ. ನೀಲಾಳೂ ಹೋಗಿ ಬಾ ಎಂದು ಕುಣಿದಳು. ಮೀನು ತಿನ್ನುವವನ ಬಾಯಿಮಾತು ನಂಬಿ ಮೊಮ್ಮಗುವಿನ ತಲೆಗೆ ಪಾಪ ಕಟ್ಟಲೇ? ಪಕ್ಕದ ಮನೆಯ ರಾಜಲಕ್ಷ್ಮಿಯನ್ನು ನೀಲಾಳ ಜೊತೆ ಕೂರಿಸಿ, ಕಟಕರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಾನೂ ಕಾರು ಹತ್ತಿದೆ. ಗುರುದತ್ತನ ಮುಖ ನೋಡಬೇಕಿತ್ತು.

ವರ್ಜೀನಿಯಾ ಮುಗಿದು ನಾರ್ತ್ ಕೆರೋಲಿನಾ ಶುರುವಾಗುವಲ್ಲಿ ಕೆರ್ ಲೇಕ್ ಎಂಬ ಅಣೆಕಟ್ಟಿನ ನೀರಿದೆ, ನಮ್ಮ ಹೊಸಪೇಟೆ ಡ್ಯಾಮಿನ ಹಿನ್ನೀರು ನೆನೆಸಿಕೊಳ್ಳಿರಿ. ಸೀರೆಯ ಮೇಲೆ ಕಿತ್ತಳೆ ಬಣ್ಣದ ತೇಲುವ ಜಾಕೀಟು ತೊಡಿಸಿ, ಎತ್ತಿಗೆ ಜೂಲು ಹೊದಿಸಿದ ಹಾಗೆ ಬಿಗಿದು, ನನ್ನನ್ನು ದೋಣಿಯಲ್ಲಿ ಕೂರಿಸಿದರು. ಚಳಿ ಬೇರೆ. ಮಾತಾಡಬೇಡಿ ಆಂಟಿ, ಮೀನು ಓಡಿಹೋಗುತ್ತದೆ ಎಂದು ಗುರುದತ್ ಗಳಿಗೆಗೊಮ್ಮೆ ಪಿಸುಗುಟ್ಟುತ್ತಿದ್ದ. ಗಾಳಕ್ಕೆ ಎರೆಹುಳು ಚುಚ್ಚುವುದನ್ನು ಕಂಡು ಬೈದೆ. ಅದು ರಬ್ಬರಿನದಂತೆ! ತಿನ್ನುವುದೂ ಇಲ್ಲ, ತಿನ್ನಿಸುವುದೂ ಇಲ್ಲ, ಇಂಥ ದಂಡದ ಕಸುಬನ್ನು ನಾನು ಎಲ್ಲೂ ಕಂಡಿಲ್ಲ.

ಮಧ್ಯಾಹ್ನದ ಹೊತ್ತಿಗೆ ದಂಡೆಯ ಬಳಿ, ಮೊಣಕಾಲುದ್ದದ ನೀರಿನಲ್ಲಿ, ಕಸ ಗುಡಿಸಿದಂತೆ ಒಂದು ದುಂಡನೆಯ ಜಾಗ ಕಂಡಿತು. ಅದರ ಮೇಲೆ ಒಂದು ಮೀನು ಅಲುಗದೆ ನಿಂತಿತ್ತು. ವಸಂತದಲ್ಲಿ ತಾಯಿಮೀನು ಅಲ್ಲಿ ಮೊಟ್ಟೆಯಿಟ್ಟು ಹೋಗಿಬಿಡುತ್ತದಂತೆ. ಕಾಯುವುದು ತಂದೆಮೀನು. ಮರಿ ಆಗುವವರೆಗೆ ಜಾಗ ಬಿಡುವುದಿಲ್ಲ, ಹತ್ತಿರ ಏನು ಬಂದರೂ ಕಚ್ಚಿ ಆಚೆ ಹಾಕುತ್ತದೆ. ಅದಕ್ಕೇ ಅದನ್ನು ಹಿಡಿಯುವುದು ಸುಲಭ ಎಂದು ಗುರುದತ್ ದೊಡ್ಡ ವಿದ್ಯೆಯೆಂಬಂತೆ ಹೇಳಿ, ರಬ್ಬರ್ ಹುಳುವನ್ನು ಮೊಟ್ಟೆಗಳ ನಡುವೆಯೇ ಇಳಿಸಿದ. ಮೀನು ಕಚ್ಚಿತು. ಅವನು ಅದನ್ನು ಎತ್ತಿ, ತಕ್ಕಡಿಗೆ ತಡಕಾಡುತ್ತ, ಅಮೃತನಿಗೆ ಕ್ಯಾಮೆರಾ ತೆಗೆ ಎಂದ. ನಾನು ನೀರು ನೋಡುತ್ತಿದ್ದೆ. ಅಷ್ಟರಲ್ಲೇ ಎಲ್ಲೆಲ್ಲಿಂದಲೋ ಸಣ್ಣ ಮೀನುಗಳು ಬಂದು ಆ ದುಂಡನೆಯ ಜಾಗಕ್ಕೆ ಮುತ್ತಿಕೊಂಡವು.

“ಅಂವನ ಮಕ್ಕಳನ್ನ ತಿನ್ನಾಕತ್ತಾವ. ಮೊದಲ ನೀರಿಗೆ ಬಿಡ್ರಿ,” ಎಂದೆ.

“ಆಂಟಿ, ಒಂದೇ ಒಂದು ಫೋಟೋ. ಈ ಸೀಸನ್‌ಗೆ ಇದೇ ಬಿಗ್ಗೆಸ್ಟ್,” ಎಂದ ಗುರುದತ್.

ಅಮೃತ ಕ್ಯಾಮೆರಾ ಕೆಳಗಿಟ್ಟು, ಗೆಳೆಯನ ಕೈಯಿಂದ ಮೀನು ಕಸಿದುಕೊಂಡು, ಗಾಳ ಬಿಡಿಸಿ ಮೆಲ್ಲಗೆ ನೀರಿಗೆ ಬಿಟ್ಟ. ಅದು ನೆಟ್ಟಗೆ ಹೋಗಿ ಆ ಸಣ್ಣವನ್ನೆಲ್ಲ ಚದುರಿಸಿ ಮತ್ತೆ ಅಲ್ಲೇ ನಿಂತಿತು. ನನಗೆ ಅಳು ಬಂತು. ಹಾಳು ಮೀನಿಗಾಗಿ ನಾನು ಅತ್ತೆನೆಂದು ಊರಲ್ಲಿ ಯಾರಿಗೂ ಹೇಳಬೇಡಿರಿ.

ವಾಪಸ್ಸು ಬರುವಾಗ ಗುರುದತ್ ನಾಲ್ಕು ತಾಸೂ ಮುಖ ಊದಿಸಿಕೊಂಡಿದ್ದ. ನನ್ನ ರೊಟ್ಟಿಯನ್ನು ಮಾತ್ರ ಬಿಡಲಿಲ್ಲ. ಅವನನ್ನು ಇಳಿಸಿದ ಮೇಲೆ ಅಮೃತ ರಸ್ತೆಯನ್ನೇ ನೋಡುತ್ತ ಹೇಳಿದ: “ಅತ್ತೆ, ಪ್ರತಿ ವಾರ ನಾನು ಮಾವನಿಗೆ ಫೋನ್ ಮಾಡ್ತೇನೆ. ಅವರು ಎತ್ತುತ್ತಾರೆ, ಕೆಮ್ಮುತ್ತಾರೆ, ಇಟ್ಟುಬಿಡ್ತಾರೆ. ಆ ಕೆಮ್ಮು ಕೇಳ್ಲಿಕ್ಕೇ ನೀಲಾ ಪಕ್ಕದಲ್ಲಿ ಕಿವಿ ಇಟ್ಟು ಕೂತಿರ್ತಾಳೆ.”

ಏನ್ರೀ ಇದು? ಗದಗಿನಲ್ಲಿ ಭಾನುವಾರದ ಫೋನು ಯಾರದೆಂದು ಕೇಳಿದಾಗಲೆಲ್ಲ ರಾಂಗ್ ನಂಬರ್ ಎನ್ನುತ್ತಿದ್ದಿರಿ. ಎರಡು ವರ್ಷ ನಾನು ನಂಬಿದೆ, ನಾನೆಂಥ ದಡ್ಡಿ! ಇಲ್ಲಿ ಇವರಿಬ್ಬರೂ ನಾನು ಮಲಗಿದ ಮೇಲೆ ಫೋನು ಮಾಡುತ್ತಾರಂತೆ, ನನಗೆ ಬೇಸರವಾದೀತೆಂದು. ಈಗ ಒಂದೊಂದೇ ನೆನಪಾಗುತ್ತಿದೆ. ಭಾನುವಾರ ಬೆಳಿಗ್ಗೆ ಮಠಕ್ಕೂ ಹೋಗದೆ, ಹಳೆಯ ಪೇಪರನ್ನೇ ಮುಖಕ್ಕೆ ಹಿಡಿದುಕೊಂಡು ಫೋನಿನ ಪಕ್ಕದಲ್ಲೇ ಕೂರುತ್ತಿದ್ದಿರಿ. ಕಸ ಗುಡಿಸುತ್ತೇನೆ ಏಳಿರಿ ಎಂದರೂ ಏಳುತ್ತಿರಲಿಲ್ಲ. ಕಾಯುವುದು ನಿಮಗೂ ಬರುತ್ತದೆ. ಬಾಯಿ ಬಿಡುವುದೊಂದು ಬರುವುದಿಲ್ಲ. ನಿಮ್ಮ ಹಟಕ್ಕೆ ನಾನು ಸಾಕಾಗಿದ್ದೇನೆ.

ನೆರೆಹೊರೆಯವರಿಗೆಲ್ಲ ನಮಸ್ಕಾರ ತಿಳಿಸಿರಿ. ಬಸವಣ್ಣ ನಿಮಗೆ ಆಯುಷ್ಯವನ್ನೂ, ಅದರ ಜೊತೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ಇಂತಿ,
ನೀಲಾಳ ಅವ್ವ

ತಾ.ಕ.: ಸೋಮವಾರ. ರಾಜಲಕ್ಷ್ಮಿ ಅಂಚೆಗೆ ಹೊರಟು ನಿಂತಿದ್ದಾಳೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನೀಲಾ ಆರಾಮ ಎಂದು ಮೇಲೆ ಬರೆದದ್ದು ನಿನ್ನೆಯ ಮಾತು. ಇಂದು ಬೆಳಿಗ್ಗೆ ಡಾಕ್ಟರು ರಕ್ತದೊತ್ತಡ ಬಹಳ ಏರಿದೆ, ಹೆರಿಗೆಯವರೆಗೆ ಹಾಸಿಗೆ ಬಿಟ್ಟು ಏಳಕೂಡದು ಎಂದಿದ್ದಾರೆ. ಹೆದರಿದ್ದಾಳೆ, ಬಾಯಿಬಿಟ್ಟು ಹೇಳುವುದಿಲ್ಲ, ನಿಮ್ಮ ಮಗಳೇ ಅಲ್ಲವೇ. ಈ ಕಾಗದ ಮುಟ್ಟಿದ ಮೇಲಿನ ಭಾನುವಾರ ಆ ರಾಂಗ್ ನಂಬರ್ ಮತ್ತೆ ಬರುತ್ತದೆ, ಈ ಸಲ ಆಕೆಯೇ ಮಾತಾಡುತ್ತಾಳೆ. ನಿಮಗೆ ಮಾತು ಬಾರದಿದ್ದರೆ ಕೆಮ್ಮಿರಿ, ಅಷ್ಟೇ ಸಾಕು. ಆದರೆ ಫೋನು ಇಡಬೇಡಿರಿ.