ಯಾವ ಬಾಬ್ತು ಅಂತ ಗಟ್ಟಿಯಾಗಿ ಓದಿ

ಮಧುಗಿರಿ
ಭಾನುವಾರ, ೧೭ ನವೆಂಬರ್ ೨೦೨೪

ಪ್ರೀತಿಯ ರಿಯಾಜ್‌ಗೆ ನಾಗಭೂಷಣನ ಸಲಾಮು.

ತರನ್ನುಮ್ ಭಾಬಿಯ ಮಂಡಿನೋವು ಹೇಗಿದೆ? ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅರ್ಧಕ್ಕೇ ನಗಲು ಶುರು ಮಾಡುತ್ತೀಯ. ಕಾಗದದಲ್ಲಾದರೆ ನನ್ನನ್ನು ತಡೆಯುವವರಿಲ್ಲ.

ಕಮಿಂಗ್ ಟು ದಿ ಪಾಯಿಂಟ್. ನಮ್ಮ ಇಂಗ್ಲಿಷ್ ಲೆಕ್ಚರರು ಹೀಗೆ ಹೇಳಿ ಪೀರಿಯಡ್ ಮುಗಿಯುವವರೆಗೂ ಪಾಯಿಂಟಿಗೆ ಬರುತ್ತಿರಲಿಲ್ಲವಲ್ಲ, ನಾನು ಹಾಗೆ ಮಾಡುವುದಿಲ್ಲ. ಹಿಟ್ಟಿನ ಗಿರಣಿಯ ಗಂಗರತ್ನಮ್ಮನವರು ನಿನಗೆ ನೆನಪಿರಬೇಕು. ಗಂಡ ಹೋದ ಮೇಲೆ ಬೀಗ ಹಾಕಿದ್ದ ಗಿರಣಿಯನ್ನು ತಾವೇ ತೆಗೆದು ನಡೆಸುತ್ತಿರುವವರು. ನನ್ನಾಕೆ ವನಜಾ ಇದ್ದಾಗಿನಿಂದ ನಮ್ಮ ರಾಗಿ ಅಲ್ಲೇ. ಈಗಲೂ ಎರಡು ದಿನಕ್ಕೊಮ್ಮೆ ಒಂದೊಂದು ಸೇರು ಒಯ್ಯುತ್ತೇನೆ. ಒಬ್ಬನಿಗೆ ಅಷ್ಟೊಂದು ಹಿಟ್ಟು ಯಾಕೆ ಎಂದು ಕೇಳಬೇಡ. ಹಿಟ್ಟು ಹೊಸದಾಗಿದ್ದರೆ ಮುದ್ದೆ ಚೆನ್ನಾಗಿ ಬರುತ್ತದೆ, ಅಷ್ಟೆ.

ಗಿರಣಿಗೆ ಹೊಸ ಮೋಟಾರು ಹಾಕಿಸುವಾಗ ಅವರು ಬ್ಯಾಂಕಿನ ಕ್ರೆಡಿಟ್ ಕಾರ್ಡು ತೆಗೆದುಕೊಂಡಿದ್ದರು. ಟೈ ಕಟ್ಟಿದ ಒಬ್ಬ ಹುಡುಗ ಬಂದು, ಕಾರ್ಡಿನ ಜೊತೆ ಇನ್ಶೂರೆನ್ಸೂ ಇದೆ, ನಾಳೆ ಕೈಕಾಲು ಮುರಿದು ಕೆಲಸ ನಿಂತರೂ ಕಾರ್ಡಿನ ಬಾಕಿ ಕಂಪನಿಯೇ ಕಟ್ಟುತ್ತದೆ ಎಂದು ಹೇಳಿ ಮಾರಿಹೋದ. ತಿಂಗಳು ತಿಂಗಳೂ ಕಂತು ಮುರಿದುಕೊಂಡರು. ಹೋದ ವರ್ಷ ಇವರು ಗಿರಣಿಯ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಾಗ ಕಂಪನಿಯವರು ಕೇಳಿದ್ದೇನು ಗೊತ್ತೆ? ನಿಮಗೆ ಕೆಲಸ ಕೊಟ್ಟ ಯಜಮಾನರಿಂದ ರಜೆಯ ಸರ್ಟಿಫಿಕೇಟ್ ತನ್ನಿ ಎಂದು!

ನಾನು ಕಲಿಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿದರೂ ನನ್ನ ಮಷೀನು ಇನ್ನೂ ಇದೆಯಲ್ಲ, ಕೂತು ಟೈಪ್ ಮಾಡಿದೆ. ಟು ಹೂಮ್‌ಸೋಎವರ್ ಇಟ್ ಮೇ ಕನ್ಸರ್ನ್, ಗಂಗರತ್ನಮ್ಮ ಅವರಲ್ಲಿ ಕೆಲಸ ಮಾಡುತ್ತಿರುವ ಗಂಗರತ್ನಮ್ಮ ಅವರಿಗೆ ಗಂಗರತ್ನಮ್ಮ ಅವರು ರಜೆ ಮಂಜೂರು ಮಾಡಿದ್ದಾರೆ. ಕೆಳಗೆ ಅವರದೇ ಸಹಿ, ಗಿರಣಿಯ ಸೀಲು. ನೀನು ಈಗ ನಗುತ್ತಿದ್ದೀಯ, ನನಗೆ ಗೊತ್ತು. ಕಂಪನಿಯವರು ನಗಲಿಲ್ಲ, ವಾಪಸು ಕಳಿಸಿದರು. ಆ ಇನ್ಶೂರೆನ್ಸು ಸಂಬಳದವರಿಗೆ ಮಾತ್ರವಂತೆ. ಹಾಗಿದ್ದರೆ ಸ್ವಂತ ಗಿರಣಿಯವಳಿಗೆ ಯಾಕೆ ಮಾರಿದಿರಿ ಎಂದು ಗಂಗರತ್ನಮ್ಮ ಬ್ಯಾಂಕಿಗೆ ದೂರು ಕೊಟ್ಟರು.

ಬ್ಯಾಂಕಿನಿಂದ ಉತ್ತರ ಬಂತು. ಗುಡ್‌ವಿಲ್ ಮೇಲೆ, ಅಂದರೆ ಬರೀ ಸೌಜನ್ಯಕ್ಕೆ, ಒಂದು ವರ್ಷದ ಕಂತು ಹಿಂದಿರುಗಿಸುತ್ತೇವೆ. ಎಲ್ಲವನ್ನೂ ವಿವರಿಸಿ ಹೇಳಿದ್ದರು, ತಿಳಿದೇ ತೆಗೆದುಕೊಂಡೆ ಎಂದು ಸಹಿ ಮಾಡಿಕೊಡಿ ಎಂದಿತ್ತು. ನಾನು ಬುದ್ಧಿವಂತನ ಹಾಗೆ, ಸಮ್‌ಥಿಂಗ್ ಈಸ್ ಬೆಟರ್, ಸಹಿ ಹಾಕಿಬಿಡಿ ಎಂದೆ. ಅವರು ಹಿಟ್ಟಿನ ಕೈ ಝಾಡಿಸಿ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಲ್ಲಿದೆ.

"ಸಹಿ ಹಾಕ್ಬುಟ್ರೆ ನಾನೇ ಸುಳ್ಳಿ ಅಂತ ಒಪ್ಕೊಂಡಂಗಲ್ವಾ ಮೇಷ್ಟ್ರೇ? ಅವ್ರು ಕೊಡೋ ದುಡ್ಡು ನನ್ನ ಮಾತಿಗೆ ಬೆಲೆಯಾ?" ಅಂದರು.

ಮಾರನೆಯ ದಿನ ಬ್ಯಾಂಕಿಗೆ ಹೋದೆವು. ಪೆನ್ಶನ್ನಿನ ದಿನ, ಕಾಲಿಡಲು ಜಾಗವಿಲ್ಲ. ಮ್ಯಾನೇಜರು ಮೆತ್ತಗೆ, ಒಳಗೆ ಬನ್ನಿ ಅಮ್ಮ, ಕಾಫಿ ಕುಡಿಯೋಣ ಎಂದು ಕರೆದರು. ಗಂಗರತ್ನಮ್ಮ ಅಲ್ಲಾಡಲಿಲ್ಲ.

"ಕಾಫಿ ಇರ್ಲಿ ಸಾಮಿ. ಮದುವೆ ಮನೇಲಿ ಮುಯ್ಯಿ ಹಾಕುದ್ರೆ ಹೆಂಗೆ ಓದ್ತಾರೆ? ಇಂಥೋರು ಕೊಟ್ರು, ಇಂಥ ಬಾಬ್ತಿಗೆ ಅಂತ ಎಲ್ರಿಗೂ ಕೇಳಂಗೆ ಓದ್ತಾರೆ. ಓದ್ದೇ ಇರೋ ಮುಯ್ಯಿ ನಾನು ಮುಟ್ಟಾಕಿಲ್ಲ. ಇದು ಯಾವ ಬಾಬ್ತು? ಗಟ್ಟಿಯಾಗಿ ಓದಿ!"

ಮ್ಯಾನೇಜರು ಹೆಡ್ ಆಫೀಸನ್ನು ಕೇಳಬೇಕು ಅಂದರು. ಇವರು ಆ ಕಾಗದವನ್ನು ಅಲ್ಲೇ ಕೌಂಟರಿನ ಮೇಲೆ ಇಟ್ಟು, ಸೆರಗು ಸರಿಮಾಡಿಕೊಂಡು ಹೊರಟು ಬಂದರು. ಕೈಗೆ ಬಂದ ದುಡ್ಡು ಹೋಯಿತಲ್ಲ ಎಂದು ದಾರಿಯುದ್ದಕ್ಕೂ ಹೆದರಿದವನು ನಾನು. ಅವರು ಅವರೆಕಾಯಿ ಚೌಕಾಸಿ ಮಾಡುತ್ತಿದ್ದರು!

ಬ್ಯಾಂಕುಗಳ ಮೇಲಿನ ದೂರು ಕೇಳುವ ಒಂಬುಡ್ಸ್‌ಮನ್‌ಗೆ ಬರೆಯುವುದೆಂದಾಯಿತು. ನಾನು ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಸ್ಟೇಟ್ ಎಂದು ಶುರು ಮಾಡಿ, ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್ ಎಂದು ಮುಗಿಸಿದ್ದೆ. ಅರ್ಥ ಹೇಳಿಸಿಕೊಂಡವರೇ, "ಯಾರ್ರೀ ಇಲ್ಲಿ ಬೇಡೋರು? ಯಾರ್ರೀ ಸರ್ವೆಂಟು? ಹೊಡೆದಾಕ್ರಿ ಅದ್ನ!" ಎಂದರು. ಹೊಡೆದುಹಾಕಿದೆ. ಕೊನೆಗೆ ಉಳಿದದ್ದು ಇಷ್ಟೆ: ನನಗೆ ಸಂಬಳವಿಲ್ಲ, ಸಂಬಳದವರ ಇನ್ಶೂರೆನ್ಸು ಮಾರಿದರು, ಅದನ್ನು ಒಪ್ಪಿಕೊಂಡು ನನ್ನ ದುಡ್ಡು ಕೊಡಲಿ. ರಿಯಾಜ್, ಜೀವಮಾನವೆಲ್ಲ ಟೈಪ್ ಮಾಡಿದ್ದೇನೆ, ಇಷ್ಟು ಚೆಂದದ ಕಾಗದ ನನ್ನ ಮಷೀನಿನಿಂದ ಹೊರಟಿರಲಿಲ್ಲ.

ಬಹಳ ಕಾಯಿಸಿದರು. ಹೋದ ವಾರ ಆದೇಶ ಬಂತು. ಕಟ್ಟಿದ ಕಂತು ಅಷ್ಟೂ ಬಡ್ಡಿಯ ಸಮೇತ ವಾಪಸು. ಗಿರಾಕಿಯ ಉದ್ಯೋಗ ವಿಚಾರಿಸದೆ ತಪ್ಪಾಗಿ ಮಾರಲಾಗಿದೆ ಎಂದು ಬ್ಯಾಂಕು ಒಪ್ಪಿ ಬರೆದುಕೊಡಬೇಕು. ಆ ಕಾಗದವನ್ನು ಇಸಿದುಕೊಳ್ಳಲು ಹೋದಾಗಲೂ ಗಂಗರತ್ನಮ್ಮ ಸುಮ್ಮನೆ ಕೈ ಚಾಚಲಿಲ್ಲ, ಓದಿ ಅಂದರು. ಪಾಪ, ಮ್ಯಾನೇಜರು ಒಳ್ಳೆಯ ಮನುಷ್ಯ. ಎದ್ದು ನಿಂತು, ಕನ್ನಡದಲ್ಲಿ, ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಓದಿದರು. ಸಾಲಿನಲ್ಲಿದ್ದ ಬಟ್ಟೆ ಅಂಗಡಿ ಚಿಕ್ಕಹನುಮಕ್ಕ, "ಲೇ ರತ್ನಿ, ನಂಗೂ ಇದೇ ಕಟ್ಟವ್ರೆ ಕಣೇ, ನಂದೂ ಓದ್ಸೇ!" ಎಂದು ಕೂಗಿದರು. ಇಡೀ ಬ್ಯಾಂಕು ನಕ್ಕಿತು. ಈಗ ಚಿಕ್ಕಹನುಮಕ್ಕನವರ ಅರ್ಜಿ ನನ್ನ ಮಷೀನಿನ ಮೇಲಿದೆ. ಬೆಗ್ ಎಂಬ ಮಾತು ಅದರಲ್ಲಿ ಇಲ್ಲ.

ಭಾಬಿಗೆ ನಮಸ್ಕಾರ ಹೇಳು.

ನಿನ್ನ ಹಳೆಯ ಬೆಂಚ್‌ಮೇಟ್,
ನಾಗಭೂಷಣ್

ಹೇಳದೆ ಬಿಟ್ಟದ್ದು: ನಿನ್ನೆ ಒಂದು ಬುಟ್ಟಿ ಸೀತಾಫಲ ಒಯ್ದು ಗಿರಣಿಯ ಕಟ್ಟೆಯ ಮೇಲಿಟ್ಟೆ. ಬ್ಯಾಂಕಿನಲ್ಲಿ ಗೆದ್ದಿರಲ್ಲ, ಅದಕ್ಕೆ ಎಂದೆ. "ಅದುಕ್ಕೆ ಆವತ್ತೇ ಬಾಳೆಹಣ್ಣು ಕೊಟ್ರಲ್ಲ ಮೇಷ್ಟ್ರೇ. ಇದು ಯಾವ ಬಾಬ್ತು? ಗಟ್ಟಿಯಾಗಿ ಓದಿ" ಎಂದರು, ಹಿಟ್ಟಿಗೆ ನಿಂತಿದ್ದವರೆಲ್ಲರ ಎದುರು. ನನ್ನ ಇಂಗ್ಲಿಷೂ ಹೋಯಿತು, ಕನ್ನಡವೂ ಹೋಯಿತು. ಆದರೆ ಬುಟ್ಟಿ ವಾಪಸು ಕೊಡಲಿಲ್ಲ ರಿಯಾಜ್, ಒಳಗಿಟ್ಟುಕೊಂಡರು. ಗುರುವಾರ ಇಲ್ಲಿ ದಿನವಿಡೀ ಕರೆಂಟು ತೆಗೆಯುತ್ತಾರೆ, ಗಿರಣಿ ನಿಂತಿರುತ್ತದೆ, ಮೆಲ್ಲಗೆ ಹೇಳಿದರೂ ಕೇಳಿಸುತ್ತದೆ. ಆದರೂ ಗಟ್ಟಿಯಾಗಿಯೇ ಹೇಳಬೇಕೆಂದಿದ್ದೇನೆ. ಬೆಳಗಿನ ಬಸ್ಸಿಗೆ ಬಂದುಬಿಡು, ನನ್ನ ಪಕ್ಕದಲ್ಲಿ ಒಬ್ಬರು ನಿಂತಿರಬೇಕು.